ಅರ್ಧ ನೋವಿನ ಲೆಕ್ಕ

ನಾನು ಪಿಯು ಕಾಲೇಜಲ್ಲಿ ಗಣಿತ ಹೇಳ್ಕೊಡೋಳು, ಕೆಲಸಕ್ಕೆ ಸೇರಿದಾಗಿಂದ ಬಹಳ ವರ್ಷ 35 ಬಂದ್ರೆ ಪಾಸು ಅಂತ ನೋಡ್ಕೊಂಡು ಬಂದೋಳು. ನನ್ನ ಬೆನ್ನಲ್ಲಿ ಕೂತಿರೋ ಮಷೀನಿಗೆ ಮಾತ್ರ ಪಾಸ್ ಮಾರ್ಕು 50. ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಅಂತ ಅದರ ಹೆಸರು, ಬೆನ್ನುಮೂಳೆ ಒಳಗಿನ ಮೆದುಳುಬಳ್ಳಿಗೆ ಸಣ್ಣಗೆ ಕರೆಂಟ್ ಕೊಟ್ಟು ನೋವು ಇಳಿಸೋದು ಅದರ ಕೆಲಸ. ಮೊದಲು ಒಂದು ವಾರದ ಮಟ್ಟಿಗೆ ಟ್ರಯಲ್ ಅಂತ ತಂತಿ ಮಾತ್ರ ಒಳಗೆ ಬಿಟ್ಟು ನೋಡ್ತಾರೆ, ನೋವು ಶೇಕಡ 50 ಆದ್ರೂ ಇಳಿದ್ರೆ ಪಾಸು, ಆಮೇಲೆ ಬ್ಯಾಟರಿ ಸಮೇತ ಪರ್ಮನೆಂಟಾಗಿ ಕೂರಿಸ್ತಾರೆ, ಇಳೀಲಿಲ್ಲ ಅಂದ್ರೆ ತಂತಿ ಎಳೆದು ಮನೆಗೆ ಕಳಿಸ್ತಾರೆ. ಇದು ನಮ್ಮ ಡಾಕ್ಟ್ರು ಮಾಡ್ಕೊಂಡಿರೋ ರೂಲ್ ಅಲ್ಲ, ಹೆಚ್ಚುಕಮ್ಮಿ ಎಲ್ಲಾ ದೇಶದಲ್ಲೂ ಇದೇ ಅಳತೆ. ನಂಗೆ ಪಾಸ್ ಆಯ್ತು. ಆದ್ರೆ ಪಾಸ್ ಆದ್ಮೇಲೆ ಉಳಿದ ಐವತ್ತನ್ನ ಏನು ಮಾಡೋದು ಅಂತ ಯಾರೂ ಕೂತು ಹೇಳೋದಿಲ್ಲ, ಅದನ್ನ ಬ್ಯಾಗಿಗೆ ಹಾಕ್ಕೊಂಡು ನಾವೇ ಮನೆಗೆ ತರ್ಬೇಕು.

ಮತ್ತೆ ನಮ್ಮ ಜನಕ್ಕೆ ಅರ್ಧ ಅನ್ನೋ ಉತ್ತರ ಸುತಾರಾಂ ಆಗಲ್ಲ ಕಣ್ರೀ. "ಹೋಯ್ತಾ ನೋವು?" ಅಂತ ಕೇಳ್ತಾರೆ, ಹೋಯ್ತು ಅಂದ್ರೂ ಖುಷಿ, ಇಲ್ಲ ಅಂದ್ರೂ ಒಂಥರಾ ಸಮಾಧಾನ, ಎರಡಕ್ಕೂ ಅವರ ಹತ್ರ ಮುಂದಿನ ಮಾತು ರೆಡಿ ಇರತ್ತೆ. ಅರ್ಧ ಹೋಗಿದೆ ಅಂದ್ರೆ ಮಾತ್ರ ಮುಖ ಸಪ್ಪಗಾಗತ್ತೆ. "ಅಷ್ಟು ದುಡ್ಡು ಸುರಿದು ಅರ್ಧಾನಾ?" ಒಂದ್ಸಲ ನೆಂಟರ ಮದುವೆಲಿ ಧಾರೆ ಟೈಮಲ್ಲಿ ನಿಂತಿದ್ದು ನೋಡಿದ ಒಬ್ಬರು "ಏನೂ ಆಗೇ ಇಲ್ಲ ಅನ್ನೋ ಹಾಗಿದೀಯಲ್ಲೇ" ಅಂದ್ರು, ಊಟ ಆದ್ಮೇಲೆ ವಧುವಿನ ಕಡೆಯೋರ ರೂಮಲ್ಲಿ ಚಾಪೆ ಮೇಲೆ ಮಲಗಿದ್ದು ನೋಡಿ ಅವರೇ "ಪಾಪ, ಆಪರೇಷನ್ ಏನೂ ಪ್ರಯೋಜನ ಆಗ್ಲಿಲ್ಲ ಅನ್ಸತ್ತೆ" ಅಂತ ಪಕ್ಕದೋರಿಗೆ ಹೇಳಿದ್ರು, ನಡುವೆ ಹೋಗಿದ್ದು ಒಂದೆರಡು ಗಂಟೆ ಅಷ್ಟೇ. ಎರಡೂ ಸರಿ ಅಂತ ಎದ್ದು ಹೇಳೋಣ ಅನ್ನಿಸ್ತು, ಏಳೋದಕ್ಕೆ ಆಗ್ಲಿಲ್ಲ.

ಹಿನ್ನೆಲೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಬೆನ್ನುನೋವಿನ ಕಥೆ ಎಲ್ಲರ ಮನೆಲೂ ಇರತ್ತೆ. ಸೊಂಟದ ಕೊನೇ ಡಿಸ್ಕ್ ಜಾರಿತ್ತು, ಎಡಗಾಲಿಗೆ ಎಳೆತ, ಒಂದು ಆಪರೇಷನ್ ಆಯ್ತು, ಸ್ವಲ್ಪ ಕಾಲ ಚೆನ್ನಾಗಿತ್ತು, ಮತ್ತೆ ಶುರು, ಎರಡನೇ ಸಲ ಸ್ಕ್ರೂ ರಾಡು ಎಲ್ಲಾ ಹಾಕಿದ್ರು. ಎಕ್ಸ್‌ರೇಲಿ ಎಲ್ಲಾ ಸೊಗಸಾಗಿ ಕೂತಿದೆ ಅಂತ ತೋರಿಸಿದ್ರು. ಕಾಲಿನ ಉರಿ ಮಾತ್ರ ಹೋಗ್ಲಿಲ್ಲ. ತೊಡೆ ಹಿಂದಿಂದ ಮೀನಖಂಡ ದಾಟಿ ಹೆಬ್ಬೆರಳ ತನಕ ಉರಿ, ರಾತ್ರಿ ಹೊದಿಕೆ ತಾಗಿದ್ರೂ ಆಗ್ತಿರ್ಲಿಲ್ಲ. ನರಕ್ಕೇ ಪೆಟ್ಟಾಗಿರೋ ನೋವು ಇದು, ಮಾಮೂಲಿ ಪೇಯ್ನ್ ಕಿಲ್ಲರಿಗೆ ಜಗ್ಗಲ್ಲ ಅಂತ ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್ ಶುರು ಮಾಡಿದ್ರು. ಡೋಸ್ ಏರಿದ ಹಾಗೆ ನೋವು ಸ್ವಲ್ಪ ಇಳೀತು, ತಲೆ ಜಾಸ್ತಿ ಇಳೀತು. ಬೋರ್ಡ್ ಮುಂದೆ ನಿಂತು ಇಂಟಿಗ್ರೇಶನ್ ಬೈ ಪಾರ್ಟ್ಸ್ ಮಾಡ್ತಾ ಮಾಡ್ತಾ ಎರಡನೇ ಟರ್ಮ್ ಏನು ಅಂತಾನೇ ಮರೆತು ಹೋಗೋದು, ಮುಂದಿನ ಬೆಂಚಿನ ಹುಡುಗಿ ಮೆತ್ತಗೆ ಹೇಳ್ಕೊಡೋಳು. ನೋವು ತಡ್ಕೋತಿದ್ದೆನೇನೋ, ಆ ಹುಡುಗಿ ದನಿ ಮೆತ್ತಗೆ ಮಾಡ್ಕೊಂಡು ಹೇಳ್ತಿದ್ದಿದ್ದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ.

ಆಮೇಲೆ ಬೆಂಗಳೂರಲ್ಲಿ ಪೇಯ್ನ್ ಕ್ಲಿನಿಕ್ಕು, ಶಿವಮೊಗ್ಗದಿಂದ ಜನಶತಾಬ್ದಿಲಿ ಹೋಗೋದು, ಅಣ್ಣನ ಮನೇಲಿ ಉಳಿಯೋದು, ಇಂಜೆಕ್ಷನ್ನುಗಳು, ಕೊನೆಗೆ ಈ ಮಷೀನ್ ವಿಷಯ. ಮನೇಲಿ ಎಲ್ಲರಿಗೂ ಮೊದಲು ಅರ್ಥ ಆಗಿದ್ದು "ಕರೆಂಟ್ ಶಾಕ್ ಕೊಡ್ತಾರಂತೆ" ಅಂತ. ಅತ್ತೆ ಅಂತೂ "ಇರೋ ನೋವು ಸಾಲ್ದು ಅಂತಾನಾ" ಅಂದ್ರು. ಕೊನೆಗೆ ನಮ್ಮೆಜಮಾನ್ರು "ಹಾರ್ಟಿಗೆ ಪೇಸ್‌ಮೇಕರ್ ಹಾಕ್ತಾರಲ್ಲ, ಅದರ ತಮ್ಮ, ಬೆನ್ನಿಗೆ" ಅಂದಾಗ ಎಲ್ಲರೂ ಒಪ್ಪಿದ್ರು. ದುಡ್ಡಿನ ವಿಷಯ ಕೇಳ್ಬೇಡಿ, ಎರಡು ವರ್ಷದ ಅಡಿಕೆ ದುಡ್ಡು ಹೋಯ್ತು, ಇನ್ಶೂರೆನ್ಸಿನೋರು ಕೊಟ್ಟಿದ್ದು ಆಸ್ಪತ್ರೆ ರೂಮಿನ ಬಾಡಿಗೆ ಲೆವೆಲ್ಲಿಗೆ.

ನೋವು ಕಾಲಲ್ಲಿ, ಆದ್ರೆ ತಂತಿಯ ತುದಿ ಎದೆ ಮಟ್ಟದಲ್ಲಿ ಅನ್ನೋದು ನಂಗೆ ಮೊದಲು ವಿಚಿತ್ರ ಅನ್ಸಿತ್ತು. ಸೊಂಟದ ಹತ್ರ ಸೂಜಿ ಹಾಕಿ, ಬೆನ್ನುಮೂಳೆ ಒಳಗೆ ಮೆದುಳುಬಳ್ಳಿಯ ಹೊದಿಕೆ ಹೊರಗಡೆ ಒಂಚೂರು ಜಾಗ ಇರತ್ತಂತೆ, ಎಪಿಡ್ಯೂರಲ್ ಸ್ಪೇಸು, ಹೆರಿಗೆ ಟೈಮಲ್ಲಿ ಅರಿವಳಿಕೆ ಕೊಡ್ತಾರಲ್ಲ ಅದೇ, ಅಲ್ಲಿಂದ ತಂತಿನ ಮೇಲಕ್ಕೆ ತಳ್ಕೊಂಡು ಹೋಗ್ತಾರೆ, ಎದೆಭಾಗದ ಎಂಟು ಒಂಬತ್ತನೇ ಕಶೇರುಗಳ ತನಕ. ಕಾಲಿಂದ ಮೇಲಕ್ಕೆ ಹೋಗೋ ನರದ ದಾರಿಗಳು ಅಲ್ಲಿ ಒಟ್ಟಾಗಿ ಸಿಗ್ತಾವೆ. ನಂದರಲ್ಲಿ ಎರಡು ಲೀಡು, ಅಂದ್ರೆ ಎರಡು ತಂತಿ, ಒಂದೊಂದ್ರಲ್ಲೂ ಕರೆಂಟ್ ಬಿಡೋ 8 ಎಲೆಕ್ಟ್ರೋಡು, ಯಾವ್ದು ಪ್ಲಸ್ ಯಾವ್ದು ಮೈನಸ್ ಎಷ್ಟು ಮಿಲಿಆಂಪಿಯರ್ ಅಂತ ಹೊರಗಿಂದ ಸೆಟ್ ಮಾಡ್ತಾರೆ. ಹದಿನಾರು ಎಲೆಕ್ಟ್ರೋಡು, ಪ್ರತಿಯೊಂದೂ ಪ್ಲಸ್, ಮೈನಸ್ ಅಥವಾ ಆಫ್ ಅಂದ್ರೆ ಮೂರರ ಘಾತ ಹದಿನಾರು, ನಾಲ್ಕು ಕೋಟಿ ದಾಟತ್ತೆ, ಅದರಲ್ಲಿ ನನ್ನ ಕಾಲಿಗೆ ಸರಿ ಹೋಗೋದು ಯಾವ್ದು ಅಂತ ಹುಡುಕೋದು ಮಷೀನ್ ಕಂಪನಿಯಿಂದ ಬರೋ ಪ್ರೋಗ್ರಾಮರ್ ಹುಡುಗನ ಕೆಲಸ. ಇದನ್ನ ಅವನಿಗೆ ಹೇಳಿದ್ರೆ "ಮೇಡಮ್ ಪ್ಲೀಸ್" ಅಂದ.

ಇದರ ಹಿಂದಿನ ಐಡಿಯಾ ಹಳೇದು. ರೋಮಿನ ಸ್ಕ್ರೈಬೋನಿಯಸ್ ಲಾರ್ಗಸ್ ಅನ್ನೋ ವೈದ್ಯ ಒಂದನೇ ಶತಮಾನದಲ್ಲೇ ಗೌಟ್ ನೋವಿಗೆ ಜೀವಂತ ಟಾರ್ಪೀಡೊ ಮೀನನ್ನ ಪಾದದ ಕೆಳಗೆ ಇಟ್ಟು, ಕಾಲು ಮಂಡಿ ತನಕ ಮರಗಟ್ಟೋವರೆಗೂ ನಿಲ್ಲಿಸಿ ಅಂತ ಬರೆದಿದ್ದ, ಆ ಮೀನು ಕರೆಂಟ್ ಹೊಡೆಯತ್ತೆ. ಆದ್ರೆ ಯಾಕೆ ಕೆಲಸ ಮಾಡತ್ತೆ ಅನ್ನೋದಕ್ಕೆ ಒಂದು ನೆಟ್ಟಗಿನ ವಿವರಣೆ ಬಂದಿದ್ದು 1965ರಲ್ಲಿ, ಮೆಲ್ಜ್ಯಾಕ್ ಮತ್ತು ವಾಲ್ ಅನ್ನೋ ಇಬ್ಬರಿಂದ. ನೋವಿನ ಸುದ್ದಿ ತರೋದು ತೆಳು ನರಗಳು, ಸ್ಪರ್ಶದ ಸುದ್ದಿ ತರೋದು ದಪ್ಪ ನರಗಳು, ಮೆದುಳುಬಳ್ಳಿಲಿ ಒಂದು ಗೇಟ್ ಇದೆ, ದಪ್ಪ ನರಗಳು ಜೋರಾಗಿ ಮಾತಾಡಿದ್ರೆ ಆ ಗೇಟು ಮುಚ್ಕೊಳ್ಳತ್ತೆ, ಅದಕ್ಕೇ ಮೊಣಕೈ ತಾಗಿದ ತಕ್ಷಣ ನಾವು ಉಜ್ಜೋದು. ಎರಡೇ ವರ್ಷಕ್ಕೆ, 1967ರಲ್ಲಿ, ವಾಲ್ ಮತ್ತೆ ಸ್ವೀಟ್ ಅನ್ನೋ ಸರ್ಜನ್ ತಮ್ಮ ಮುಖದ ನರಕ್ಕೇ ಕರೆಂಟ್ ಕೊಟ್ಕೊಂಡು ನೋಡಿದ್ರು. ಅದೇ ವರ್ಷ ಅಮೆರಿಕದ ನಾರ್ಮನ್ ಶೀಲಿ ಕ್ಯಾನ್ಸರ್ ನೋವಲ್ಲಿದ್ದ ಒಬ್ಬ ಪೇಷಂಟಿನ ಬೆನ್ನಲ್ಲಿ ಮೊದಲ ಸ್ಟಿಮ್ಯುಲೇಟರ್ ಇಟ್ರು. ಗೇಟ್ ಕಥೆ ಅಷ್ಟು ಸರಳ ಅಲ್ಲ ಅಂತ ಆಮೇಲೆ ಗೊತ್ತಾಗಿದೆ. ಈಗ ಸೆಕೆಂಡಿಗೆ 10,000 ಸಲ ಮಿಡಿಯೋ ಮಷೀನುಗಳೂ ಬಂದಿವೆ, ಅದರಲ್ಲಿ ಜುಮ್ ಅನ್ನೋದೇ ಇಲ್ಲ, ಹಾಗಿದ್ರೂ ನೋವು ಯಾಕೆ ಇಳಿಯತ್ತೆ ಅನ್ನೋದರ ಬಗ್ಗೆ ವಿಜ್ಞಾನಿಗಳು ಇನ್ನೂ ಜಗಳ ಆಡ್ತಿದಾರೆ. ನಂದು ಹಳೇ ರೀತಿದು, ಸೆಕೆಂಡಿಗೆ ಐವತ್ತರ ಆಸುಪಾಸು, ಜುಮ್ ಜುಮ್ ಅಂತ ಇರತ್ತೆ. ಕಾಲು ಮಡಚಿ ಕೂತು ಎದ್ದಾಗ ಜೋಮು ಬಿಡೋ ಹೊತ್ತಲ್ಲಿ ಆಗತ್ತಲ್ಲ ಅದು, ಆದ್ರೆ ಒಂದೇ ಸಮ, ಮೊನಚಿಲ್ಲದೆ. ಉರಿ ಎಲ್ಲಿತ್ತೋ ಅಲ್ಲೆಲ್ಲಾ ಇದು ಹರಡ್ಕೊಂಡಿರತ್ತೆ, ಉರಿ ಅದರ ಅಡಿಲಿ ಇದ್ದೇ ಇರತ್ತೆ, ಬೇಕು ಅಂತ ಗಮನ ಕೊಟ್ರೆ ಸಿಗತ್ತೆ.

ಟ್ರಯಲ್ ಲೀಡ್ ಹಾಕೋವಾಗ ಪೂರ್ತಿ ನಿದ್ದೆ ಬರ್ಸಲ್ಲ, ಯಾಕಂದ್ರೆ ಎಲ್ಲಿ ಜುಮ್ ಅಂತಿದೆ ಅಂತ ನಾವೇ ಹೇಳ್ಬೇಕು. ಬೋರಲು ಮಲಗಿಸಿ ಲೋಕಲ್ ಅರಿವಳಿಕೆ ಕೊಟ್ಟು, ಮೇಲೆ ಎಕ್ಸ್‌ರೇ ಮಷೀನ್ ಇಟ್ಕೊಂಡು ತಂತಿ ಒಳಗೆ ಬಿಡ್ತಾ ಇದಾರೆ, ಕಂಪನಿ ಹುಡುಗ ಹಿಂದಿಲಿ "ಕಹಾಂ ಲಗ್ ರಹಾ ಹೈ" ಅಂತಾನೆ, ನನ್ನ ಹಿಂದಿ ಆ ಹೊತ್ತಲ್ಲಿ ಎಲ್ಲಿಗೆ ಓಡ್ಹೋಗಿತ್ತೋ, "ಪಕ್ಕೆಗೆ, ಪಕ್ಕೆಗೆ ಬರ್ತಿದೆ, ಅಯ್ಯೋ ಈಗ ಎರಡೂ ಕಾಲು, ಬಲಗಾಲು ಬೇಡ" ಅಂತ ಕನ್ನಡದಲ್ಲೇ ಕೂಗ್ತಿದೀನಿ, ನರ್ಸ್ ಒಬ್ಬರು ಮಂಡ್ಯ ಕಡೆಯೋರು ಇದ್ರು, ಅವರು ಎಲ್ಲಾನೂ ಅವನಿಗೆ ಅನುವಾದ ಮಾಡ್ತಾ ಹೋದ್ರು. ಎಡ ಪಾದದ ಹೆಬ್ಬೆರಳಿಗೆ ಬಂದು ಮುಟ್ಟಿದಾಗ ನಾನು ಸುಮ್ಮನಾದೆ. ಅವರಿಗೆ ಅದೇ ಸಿಗ್ನಲ್ ಆಯ್ತು, ಅಲ್ಲೇ ಫಿಕ್ಸ್ ಮಾಡಿದ್ರು.

ಆ ವಾರ ಪೂರ್ತಿ ಬೆನ್ನಿಂದ ತಂತಿ ಹೊರಗೆ ಬಂದು ಸೊಂಟಕ್ಕೆ ಕಟ್ಟಿರೋ ಡಬ್ಬಿಗೆ ಸೇರಿತ್ತು, ಸ್ನಾನ ಇಲ್ಲ, ಒದ್ದೆ ಬಟ್ಟೆಲಿ ಒರೆಸ್ಕೊಳ್ಳೋದು, ಬಗ್ಗಂಗಿಲ್ಲ, ಎತ್ತಂಗಿಲ್ಲ, ಮೈ ತಿರುಚಂಗಿಲ್ಲ. ದಿನಾ ಡೈರಿ ಬರೀಬೇಕು, ನೋವು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು, ಎಷ್ಟು ನಡೆದ್ರಿ. ನೋವಿಗೆ ನಂಬರ್ ಕೊಡೋದ್ರಲ್ಲಿ ನಂಗೆ ಮೊದಲಿಂದಲೂ ಅನುಮಾನ. ಎಂಟರ ನೋವು ನಾಲ್ಕರ ನೋವಿನ ಡಬಲ್ಲಾ? ಅಲ್ಲ. ಎಂಟರಿಂದ ಆರಕ್ಕೆ ಇಳಿದಾಗ ಮನುಷ್ಯರ ಜೊತೆ ಮಾತಾಡೋ ಹಾಗಾಗತ್ತೆ, ಆರರಿಂದ ನಾಲ್ಕಕ್ಕೆ ಇಳಿದಾಗ ಪೇಪರ್ ತಿದ್ದೋ ಹಾಗಾಗತ್ತೆ, ಎರಡೂ ಎರಡೆರಡೇ ಅಂಕ, ಆದ್ರೆ ಒಂದೇ ಅಲ್ಲ. ಕ್ಲಾಸಲ್ಲಿ ಯಾರಾದ್ರೂ ಇಂಥಾ ಸ್ಕೇಲ್ ಮೇಲೆ ಶೇಕಡಾವಾರು ತೆಗೆದ್ರೆ ನಾನು ಮಾರ್ಕ್ಸ್ ಕೊಡ್ತಿರ್ಲಿಲ್ಲ. ನನ್ನ ಮಷೀನ್ ಪಾಸಾಗಿದ್ದು ಅದೇ ಲೆಕ್ಕದಲ್ಲಿ ಅನ್ನಿ.

ಈಗ ಯಾವ ಬ್ರೋಷರಲ್ಲೂ ಇಲ್ಲದ ಒಂದು ವಿಷಯ. ಬ್ಯಾಟರಿನ ಸಾಮಾನ್ಯವಾಗಿ ಸೊಂಟದ ಹಿಂದೆ, ಪೃಷ್ಠದ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಜೇಬು ಮಾಡಿ ಇಡ್ತಾರೆ. ಪ್ಯಾಂಟಿನ ಬೆಲ್ಟ್ ತಾಗ್ದೇ ಇರೋ ಜಾಗ ನೋಡಿ ಆಪರೇಷನ್ನಿಗೆ ಮುಂಚೆ ಪೆನ್ನಲ್ಲಿ ಗುರುತು ಹಾಕ್ತಾರೆ. ನಮ್ಮ ಡಾಕ್ಟ್ರೂ ಗುರುತು ಹಾಕಿದ್ರು, ಆಸ್ಪತ್ರೆ ಗೌನಲ್ಲಿ ನಿಲ್ಲಿಸಿ. ನಾನು ದಿನಾ ಸೀರೆ ಉಡೋಳು. ಲಂಗದ ಲಾಡಿ ಎಲ್ಲಿ ಕಟ್ತೀವಿ? ಕರೆಕ್ಟಾಗಿ ಅದರ ಮೇಲೆ. ಪುಣ್ಯಕ್ಕೆ ಆ ಮಂಡ್ಯದ ನರ್ಸೇ "ಸರ್, ಇವ್ರು ಸೀರೆ ಉಡ್ತಾರೆ, ಲಾಡಿ ಬರತ್ತೆ" ಅಂದ್ರು. ಡಾಕ್ಟ್ರು ಒಂದ್ ನಿಮಿಷ ನೋಡಿದ್ರು, ಲಂಗ ತರಿಸಿ, ಗೌನ್ ಮೇಲೇ ಕಟ್ಟಿ ತೋರಿಸಿ ಅಂದ್ರು, ನಿಂತು, ಕೂತು, ಕುರ್ಚಿಗೆ ಒರಗಿ, ಎಲ್ಲಾ ಮಾಡಿಸಿ ಎರಡು ಬೆರಳು ಕೆಳಗೆ ಹೊಸ ಗುರುತು ಹಾಕಿದ್ರು. ಯಾವ ಮಗ್ಗುಲಿಗೆ ಮಲಗ್ತೀರ ಅಂತಾನೂ ಕೇಳಿದ್ರು, ಎಡಕ್ಕೆ ಅಂದೆ, ಬಲಕ್ಕೆ ಇಟ್ರು. ನಾಲ್ಕು ಕೋಟಿ ಕಾಂಬಿನೇಶನ್ ಇರೋ ಮಷೀನು, ಅದರ ಜೊತೆ ನಾನು ದಿನಾ ಆರಾಮಾಗಿ ಇರೋದು ಆ ಎರಡು ಬೆರಳಿನಿಂದ.

ಮೊದಲ ಎರಡು ತಿಂಗಳು ಮತ್ತದೇ ಬಗ್ಗಂಗಿಲ್ಲ ಎತ್ತಂಗಿಲ್ಲ. ತಂತಿ ಸುತ್ತ ಒಳಗೆ ಗಾಯ ಮಾಗಿ ಗಟ್ಟಿಯಾಗೋ ತನಕ ಅದು ಜಾರೋ ಚಾನ್ಸ್ ಜಾಸ್ತಿ, ಈ ಮಷೀನಲ್ಲಿ ಆಗೋ ತೊಂದರೆಗಳಲ್ಲಿ ತುಂಬಾ ಮಾಮೂಲು ಅಂದ್ರೆ ಲೀಡ್ ಜಾರೋದೇ, ಸ್ವಲ್ಪ ಜಾರಿದ್ರೂ ಕಾಲಿಗೆ ಬರೋ ಜುಮ್ಮು ಹೊಟ್ಟೆಗೋ ಪಕ್ಕೆಗೋ ಹೋಗತ್ತೆ. ಹಾಗಾಗಿ ರಂಗೋಲಿ ಇಲ್ಲ, ಕೊಡಪಾನ ಇಲ್ಲ, ನೆಲದ ಮೇಲೆ ಪಂಕ್ತಿ ಊಟ ಇಲ್ಲ. ಆ ಟೈಮಲ್ಲೇ ಒಂದು ಗೃಹಪ್ರವೇಶ ಬಂತು, ಹಿರಿಯರಿಗೆ ಬಗ್ಗಿ ನಮಸ್ಕಾರ ಮಾಡೋಕೆ ಆಗದೆ ನಿಂತೇ ಕೈ ಮುಗಿದೆ. ಒಬ್ಬರು ಅದನ್ನ ಇವತ್ತಿಗೂ ನೆನಪಿಟ್ಕೊಂಡಿದಾರೆ.

ಆಮೇಲೆ ಮನೆಗೆ ಬಂದ್ಮೇಲೆ ಗೊತ್ತಾಗಿದ್ದು ಭಂಗಿಯ ವಿಷಯ. ಮೆದುಳುಬಳ್ಳಿ ನೀರಿನೊಳಗೆ ತೇಲ್ತಾ ಇರತ್ತೆ, ಅಂಗಾತ ಮಲಗಿದ್ರೆ ಅದು ಸ್ವಲ್ಪ ಹಿಂದಕ್ಕೆ ಬಂದು ಎಲೆಕ್ಟ್ರೋಡಿಗೆ ಹತ್ರ ಆಗತ್ತೆ, ಮಧ್ಯದ ನೀರಿನ ಪದರ ತೆಳು ಆಗತ್ತೆ, ಅದೇ ಸೆಟ್ಟಿಂಗಲ್ಲಿ ಜುಮ್ಮು ದಿಢೀರ್ ಅಂತ ಜೋರಾಗತ್ತೆ. ಅದಕ್ಕೆ ಮಲಗೋ ಮುಂಚೆ ರಿಮೋಟಲ್ಲಿ ಕೆಳಗೆ ಇಳಿಸ್ಕೋಬೇಕು, ಎದ್ದಾಗ ಏರಿಸ್ಬೇಕು. ಕೆಲವು ಮಾಡೆಲ್ಲುಗಳು ಭಂಗಿ ನೋಡಿ ತಾವೇ ಅಡ್ಜಸ್ಟ್ ಮಾಡ್ಕೊಳ್ತಾವೆ, ಅದಕ್ಕೆ ಅಡಿಕೆ ರೇಟು ಇನ್ನೂ ಏರ್ಬೇಕಿತ್ತು. ಕೆಮ್ಮಿದ್ರೆ, ಸೀನಿದ್ರೆ, ಒಂದು ಕ್ಷಣ ಎರಡೂ ಕಾಲಿಗೆ ಝಲ್ ಅಂತ ಹೊಡೆಯತ್ತೆ. ಸೀಮೆಸುಣ್ಣದ ಧೂಳಲ್ಲಿ ಕೆಲಸ ಮಾಡೋಳಿಗೆ ಇದು ಚಿಕ್ಕ ವಿಷಯ ಅಲ್ಲ. ಮೊದಮೊದಲು ಸೀನಿ ಟೇಬಲ್ ಹಿಡ್ಕೊಂಡು ನಿಂತ್ರೆ ಹುಡುಗ್ರಿಗೆ ಗಾಬರಿ, ಈಗ ಅವರಿಗೂ ಅಭ್ಯಾಸ ಆಗಿದೆ. ಬೋರ್ಡಿನ ಮೇಲ್ತುದಿಲಿ ಬರೆಯೋಕೆ ಕೈ ಚಾಚಿ ಬೆನ್ನು ಹಿಂದಕ್ಕೆ ಬಾಗಿದ್ರೂ ಬದಲಾಗತ್ತೆ, ಹಾಗಾಗಿ ನಾನೀಗ ಬೋರ್ಡಿನ ಮಧ್ಯಭಾಗದಲ್ಲೇ ಬರೀತೀನಿ, ಹಿಂದಿನ ಬೆಂಚಿನೋರು ಬೈಕೊಳ್ತಾರೆ.

ಗಾಡಿ ಓಡಿಸುವಾಗ ಆಫ್ ಮಾಡಿ ಅಂತ ಬುಕ್ಕಲ್ಲಿ ದಪ್ಪ ಅಕ್ಷರದಲ್ಲಿದೆ, ಯಾಕಂದ್ರೆ ದಿಢೀರ್ ಅಂತ ಝಲ್ ಅಂದ್ರೆ ಬ್ರೇಕ್ ಮೇಲೆ ಕಾಲು ಇರತ್ತೋ ಇಲ್ವೋ. ಆಫ್ ಮಾಡಿದ್ರೆ ಸ್ವಲ್ಪ ಹೊತ್ತಿಗೆ ಉರಿ ಮೇಲೆ ಬರತ್ತೆ. ಉರಿ ಇಟ್ಕೊಂಡು ಶಿವಮೊಗ್ಗದ ರಸ್ತೆಲಿ ಸ್ಕೂಟಿ ಓಡಿಸೋದಾ, ಆಟೋಗೆ ದಿನಾ ದುಡ್ಡು ಕೊಡೋದಾ? ಆಟೋ ಅಂತ ತೀರ್ಮಾನ ಆಯ್ತು. ಸ್ಕೂಟಿನ ಮಗಳು ತಗೊಂಡ್ಳು, ಈ ಇಡೀ ಪ್ರಸಂಗದಲ್ಲಿ ನೂರಕ್ಕೆ ನೂರು ಲಾಭ ಆಗಿದ್ದು ಅವಳಿಗೆ.

ಚಾರ್ಜಿಂಗ್ ಬಗ್ಗೆ ಎಲ್ಲರಿಗೂ ಕುತೂಹಲ, "ಎಲ್ಲಿ ಪಿನ್ ಹಾಕ್ತೀಯ?" ಅಂತ ತಂಗಿ ಮಗ ಕೇಳಿದ್ದ. ಪಿನ್ ಇಲ್ಲಪ್ಪ, ಚಾರ್ಜರ್ ಅಂದ್ರೆ ಒಂದು ಚಪ್ಪಟೆ ಕಾಯಿಲ್, ಅದನ್ನ ಬೆಲ್ಟಲ್ಲಿ ಇಟ್ಟು ಬ್ಯಾಟರಿ ನೇರಕ್ಕೆ ಚರ್ಮದ ಮೇಲೆ ಕಟ್ಕೊಂಡ್ರೆ ಒಳಗಿನ ಕಾಯಿಲಿಗೆ ಕರೆಂಟ್ ಹೋಗತ್ತೆ, ಟ್ರಾನ್ಸ್‌ಫಾರ್ಮರ್ ತತ್ವ, ಸೆಕೆಂಡ್ ಪಿಯು ಫಿಸಿಕ್ಸಲ್ಲಿ ಇದೆ. ಒಂಚೂರು ಸರಿದ್ರೆ ಬೀಪ್ ಬೀಪ್ ಅನ್ನತ್ತೆ. ಬಿಸಿ ಆಗತ್ತೆ, ಬೇಸಿಗೆಲಿ ಕಿರಿಕಿರಿ, ಮಳೆಗಾಲದಲ್ಲಿ ಒಂಥರಾ ಹಿತ. ಭಾನುವಾರ ಬೆಳಿಗ್ಗೆ ತಿಂಡಿ ಆದ್ಮೇಲೆ ಬೆಲ್ಟ್ ಕಟ್ಕೊಂಡು ಟೆಸ್ಟ್ ಪೇಪರ್ ತಿದ್ದೋಕೆ ಕೂತ್ರೆ ಎರಡೂ ಒಟ್ಟಿಗೆ ಮುಗಿಯತ್ತೆ. ನಮ್ಮ ಕಡೆ ಜುಲೈ ಆಗಸ್ಟಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರತ್ತೋ ಗೊತ್ತಿಲ್ಲ, ಆಗ ಮನೇಲಿ ಯುಪಿಎಸ್ ಯಾವ್ದಕ್ಕೆ ಅನ್ನೋ ಚರ್ಚೆ ನಡೆಯತ್ತೆ, ಫ್ಯಾನಾ, ವೈಫೈನಾ, ಅಮ್ಮನಾ. ಈ ಬ್ಯಾಟರಿ ಹತ್ತು ವರ್ಷದ ಆಸುಪಾಸು ಬರತ್ತೆ ಅಂತಾರೆ, ಆಮೇಲೆ ಕತ್ತರಿಸಿ ಬೇರೆ ಇಡ್ಬೇಕು. ಅಷ್ಟೊತ್ತಿಗೆ ನಂಗೆ ರಿಟೈರ್ಮೆಂಟ್ ಹತ್ರ.

ಮೆಟಲ್ ಡಿಟೆಕ್ಟರ್ ಗೇಟುಗಳು ಬೆಂಗಳೂರಲ್ಲಿ ಎಲ್ಲಾ ಕಡೆ, ಮೆಟ್ರೋ, ಮಾಲು, ದೊಡ್ಡ ದೇವಸ್ಥಾನ. ಜೊತೆಗೆ ಅಂಗಡಿಗಳ ಬಾಗಿಲಲ್ಲಿ ಕಳ್ಳತನ ಹಿಡಿಯೋ ಕಂಬಗಳು, ಅವು ಇನ್ನೂ ಕಿರಿಕಿರಿ, ಆನ್ ಇದ್ದಾಗ ಹತ್ರ ಹೋದ್ರೆ ಝಲ್ ಅನ್ಸಬಹುದು, ಅದಕ್ಕೆ ಆಫ್ ಮಾಡಿ ಕಂಬಗಳ ನಟ್ಟನಡುವೆ ನಿಲ್ದೆ ದಾಟಿ ಅಂತಾರೆ. ಇಂಪ್ಲಾಂಟ್ ಕಾರ್ಡ್ ಒಂದು ಪರ್ಸಲ್ಲಿ ಇಟ್ಕೊಂಡಿರ್ತೀನಿ. ಮೆಟ್ರೋಲಿ ಚೆಕ್ ಮಾಡೋ ಹೆಂಗಸರಿಗೆ ಕಾರ್ಡ್ ಓದೋ ಪುರುಸೊತ್ತಿಲ್ಲ, "ಬೆನ್ನಲ್ಲಿ ಪೇಸ್‌ಮೇಕರ್ ಇದೆ ಕಣಮ್ಮ" ಅಂದ್ರೆ ಬೇಗ ಬಿಡ್ತಾರೆ. ಸುಳ್ಳು ಹೌದು, ಆದ್ರೆ ಹಿಂದೆ ಇರೋ ಕ್ಯೂಗೆ ಮೆಲ್ಜ್ಯಾಕ್ ವಾಲ್ ಥಿಯರಿ ಹೇಳೋಕಾಗತ್ತಾ.

ಇದೆಲ್ಲಾ ಕಿರಿಕಿರಿ ಅಷ್ಟೇ, ನಿಜವಾಗಿ ಹೆದರ್ಬೇಕಾದ್ದು ಬೇರೆ ಇದೆ. ನಮ್ಮ ಊರುಗಳಲ್ಲಿ ಭುಜ ಹಿಡ್ಕೊಂಡ್ರೂ ಮಂಡಿ ಹಿಡ್ಕೊಂಡ್ರೂ ಫಿಸಿಯೋಥೆರಪಿಗೆ ಹೋಗಿ "ಕರೆಂಟ್ ಇಡಿಸ್ಕೊಂಡು" ಬರೋದು ರೂಢಿ. ಅದರಲ್ಲಿ ಡಯಾಥರ್ಮಿ ಅನ್ನೋದೊಂದಿದೆ, ಒಳಗಿನ ಮಾಂಸಖಂಡಕ್ಕೆ ಶಾಖ ಕೊಡೋದು. ಸ್ಟಿಮ್ಯುಲೇಟರ್ ಇರೋರಿಗೆ ಇದು ಯಾವ ಭಾಗಕ್ಕೂ ಕೂಡದು, ಮಷೀನ್ ಆಫ್ ಇದ್ರೂ ಕೂಡದು, ಆ ಶಕ್ತಿ ಲೀಡಲ್ಲಿ ಹರಿದು ಎಲೆಕ್ಟ್ರೋಡ್ ತುದಿಲಿ ಬಿಸಿ ಆಗತ್ತೆ, ತುದಿ ಇರೋದು ಮೆದುಳುಬಳ್ಳಿ ಪಕ್ಕದಲ್ಲಿ. ನಂಗೆ ಭುಜ ಹಿಡಿದಾಗ ಹತ್ತಿರದ ಒಂದು ಸೆಂಟರಿಗೆ ಹೋಗಿದ್ದೆ, ಆ ಹುಡುಗಿ ಪ್ಯಾಡ್ ತಂದು ಇಡೋಕೆ ರೆಡಿ, ನಾನು ಕಾರ್ಡ್ ತೋರಿಸಿದ್ರೆ "ಅದು ಸೊಂಟದಲ್ಲಲ್ವಾ ಆಂಟಿ, ಇದು ಭುಜಕ್ಕೆ" ಅಂದ್ಳು. ಅವಳ ತಪ್ಪು ಅನ್ನೋಕಾಗಲ್ಲ, ಇಂಥ ಮಷೀನ್ ಇರೋರು ಅವಳ ಸೆಂಟರಿಗೆ ಬರೋದೇ ಅಪರೂಪ. ಆಪರೇಷನ್ನುಗಳಲ್ಲಿ ರಕ್ತ ನಿಲ್ಲಿಸೋಕೆ ಬಳಸೋ ಕಾಟರಿಗೂ ಎಚ್ಚರಿಕೆ ಬೇಕು, ಎಂಆರ್‌ಐ ಆದ್ರೆ ನನ್ನ ಮಷೀನಿನ ಮಾಡೆಲ್ ನೋಡಿ, ಸ್ಕ್ಯಾನರಿನ ಟೆಸ್ಲಾ ಅಂದ್ರೆ ಅಯಸ್ಕಾಂತದ ಬಲ ನೋಡಿ, ನನ್ನ ಮಷೀನನ್ನ ಎಂಆರ್‌ಐ ಮೋಡಿಗೆ ಹಾಕಿ ಮಾಡ್ಬೇಕು. ಹೀಗಾಗಿ ನಮ್ಮನೇಲಿ ಎಲ್ಲರಿಗೂ ಬಾಯಿಪಾಠ ಮಾಡಿಸಿದೀನಿ, ನಾನು ಎಚ್ಚರ ತಪ್ಪಿ ಬಿದ್ದಿದ್ರೂ ಯಾರಾದ್ರೊಬ್ಬರು ಡಾಕ್ಟ್ರಿಗೆ ಹೇಳ್ಬೇಕಲ್ಲ.

ಈ ಮಷೀನ್ ನಿಜವಾಗಲೂ ಕೆಲಸ ಮಾಡತ್ತಾ ಅಂತ ಹಾಕಿಸ್ಕೊಂಡ ಮೇಲೆ ಓದೋಕೆ ಶುರು ಮಾಡಿದೆ, ಉಲ್ಟಾ ಅಂತ ಗೊತ್ತು. 2007ರಲ್ಲಿ ಬಂದ ಒಂದು ದೊಡ್ಡ ಸಂಶೋಧನಾ ಟ್ರಯಲ್ ಇದೆ, ಕೆನಡಾದ ಕೃಷ್ಣ ಕುಮಾರ್ ಅನ್ನೋ ನ್ಯೂರೋಸರ್ಜನ್ ಮುಂದಾಳತ್ವದ್ದು, ನನ್ನ ಹಾಗೆ ಆಪರೇಷನ್ ಆದ್ಮೇಲೂ ಕಾಲುನೋವು ಉಳಿದ 100 ಜನ. ಆರು ತಿಂಗಳಾದ್ಮೇಲೆ ಕಾಲುನೋವು ಕಮ್ಮಿ ಅಂದ್ರೂ ಅರ್ಧದಷ್ಟು ಇಳಿದಿದ್ದು ಮಷೀನ್ ಹಾಕಿಸ್ಕೊಂಡೋರಲ್ಲಿ ಶೇಕಡ 48, ಬರೀ ಔಷಧಿ ಫಿಸಿಯೋಲಿ ಇದ್ದೋರಲ್ಲಿ ಶೇಕಡ 9. ಓದಿ ನೆಮ್ಮದಿ ಆಯ್ತು, ಆಮೇಲೆ ನೋಡಿದ್ರೆ ದುಡ್ಡು ಹಾಕಿದ್ದು ಮಷೀನ್ ಮಾಡೋ ಕಂಪನಿ, ಮತ್ತೆ ಯಾರಿಗೆ ಮಷೀನ್ ಇದೆ ಯಾರಿಗಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. 2022ರಲ್ಲಿ ನಾರ್ವೆಯ ಟ್ರಾಂಡ್‌ಹೈಮಿನೋರು ಇನ್ನೊಂದನ್ನ ಪ್ರಕಟಿಸಿದ್ರು. 50 ಜನ, ಎಲ್ಲರಿಗೂ ಮಷೀನ್ ಹಾಕಿದ್ದಾರೆ, ಮೂರ್ಮೂರು ತಿಂಗಳ ನಾಲ್ಕು ಸರದಿ, ಎರಡರಲ್ಲಿ ಆನ್, ಎರಡರಲ್ಲಿ ಆಫ್, ಯಾವಾಗ ಏನು ಅಂತ ಪೇಷಂಟಿಗೆ ಗೊತ್ತಿಲ್ಲ. ಜುಮ್ ಅನ್ನದ ಬರ್ಸ್ಟ್ ಅನ್ನೋ ಮಾದರಿ ಆಗಿದ್ರಿಂದ ಗೊತ್ತಾಗೋ ಚಾನ್ಸೂ ಇಲ್ಲ. ದಿನದ ಕೆಲಸ ಮಾಡೋಕೆ ಎಷ್ಟು ತೊಂದರೆ ಅಂತ ಅಳೆದ್ರೆ ಎರಡಕ್ಕೂ ಹೇಳ್ಕೊಳ್ಳೋ ವ್ಯತ್ಯಾಸವೇ ಇಲ್ಲ. ಬಂದಿರೋ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ರಿವ್ಯೂ ಕೂಡ ಸೊಂಟನೋವಿಗೆ ಇದರಿಂದ ದೀರ್ಘಕಾಲ ಉಪಯೋಗ ಇದೆ ಅನ್ನೋಕೆ ಸಾಕ್ಷಿ ಸಿಗ್ತಿಲ್ಲ ಅಂತ.

ಎರಡು ವರ್ಷದ ಅಡಿಕೆ ಹೋದ ಮೇಲೆ ಇದನ್ನ ಓದೋದು ಹೇಗಿರತ್ತೆ ಅಂತ ನೀವೇ ಊಹಿಸ್ಕೊಳ್ಳಿ. ರಾತ್ರಿ ನಮ್ಮೆಜಮಾನ್ರಿಗೆ ಹೇಳಿದೆ, ನಂಗೆ ಗೊತ್ತಾಗದ ಹಾಗೆ ರಿಮೋಟಲ್ಲಿ ಆಫ್ ಮಾಡಿ, ನೋಡೋಣ ಅಂತ. ಅವರು "ಜುಮ್ಮು ನಿಂತ್ರೆ ನಿಂಗೆ ಗೊತ್ತಾಗಲ್ವೇನೇ" ಅಂದ್ರು. ಅದೇ ಸಮಸ್ಯೆ. ನನ್ನ ಮಾದರಿಲಿ ಮೋಸ ಮಾಡಿ ಪರೀಕ್ಷೆ ಮಾಡೋಕೇ ಆಗಲ್ಲ, ಹಾಗಾಗಿ ನನ್ನ ಅರ್ಧದಲ್ಲಿ ಎಷ್ಟು ಮಷೀನಿಂದು, ಎಷ್ಟು ನನ್ನ ನಂಬಿಕೆದು, ಎಷ್ಟು ಹಾಕಿದ ದುಡ್ಡಿಂದು ಅಂತ ಬಿಡಿಸಿ ಹೇಳೋಕೆ ನಂಗಾಗಲ್ಲ. ಮೂರು ಅಜ್ಞಾತಗಳು, ಒಂದೇ ಸಮೀಕರಣ. ನಾನು ಓದಿದ್ದರಿಂದ ಅನ್ಸೋದು ಇಷ್ಟು, ಕಾಲಿಗೆ ಇಳಿಯೋ ನರದ ನೋವಿಗೆ ಇದರಿಂದ ಆಗೋ ಅಷ್ಟು ಸೊಂಟನೋವಿಗೆ ಆಗಲ್ಲ, ನಂಗೂ ಸೊಂಟ ಮೊದಲು ಹೇಗಿತ್ತೋ ಹಾಗೇ ಇದೆ. ಮತ್ತೆ ಪ್ರಿಗ್ಯಾಬಲಿನ್ ಡೋಸ್ ಇಳಿದಿದೆ, ಎರಡನೇ ಟರ್ಮ್ ನಾನೇ ಬರೀತೀನಿ. ಆ ಹುಡುಗಿ ಪಾಸಾಗಿ ಇಂಜಿನಿಯರಿಂಗ್ ಸೇರಿದಾಳೆ, ಈಗ ಹೇಳ್ಕೊಡೋಕೆ ಅವಳೂ ಇಲ್ಲ ಬಿಡಿ.

ಕಾಲೇಜಲ್ಲಿ ಕೂತು ಪಾಠ ಮಾಡೋಕೆ ಒಂದು ಎತ್ತರದ ಸ್ಟೂಲ್ ಕೇಳಿದ್ದೆ. "ಅಂಗವಿಕಲತೆ ಸರ್ಟಿಫಿಕೇಟ್ ಇದ್ರೆ ಕೊಡಿ, ಫೈಲಲ್ಲಿ ಹಾಕೋಣ" ಅಂದ್ರು, ಒಳ್ಳೇ ಮನಸ್ಸಿಂದಲೇ ಅಂದ್ರು. 2016ರ ಕಾಯ್ದೆ ಪಟ್ಟಿಲಿ 21 ಬಗೆ ಅಂಗವೈಕಲ್ಯ ಇದೆ, ದೀರ್ಘಕಾಲದ ನೋವು ಅಂತ ಪ್ರತ್ಯೇಕ ಹೆಸರಿಲ್ಲ. ಮೀಸಲಾತಿ ಥರದ ಸವಲತ್ತಿಗೆ ಶೇಕಡ 40 ಇರ್ಬೇಕು, ಡಾಕ್ಟ್ರು ಕಾಲಿನ ಬಲ ಅಳೀತಾರೆ, ಕೀಲು ಎಷ್ಟು ಬಗ್ಗತ್ತೆ ನೋಡ್ತಾರೆ, ಉರಿಯನ್ನ ಅಳೆಯೋ ಕಾಲಂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ರೋಗಗಳ ಪಟ್ಟಿ 2022ರಿಂದ ಜಾರಿಲಿದೆ, ಅದರಲ್ಲಿ ಮೂರು ತಿಂಗಳು ಮೀರಿದ ನೋವಿಗೆ ತನ್ನದೇ ಕೋಡ್ ಇದೆ, ಅಂದ್ರೆ ಆ ಸಂಸ್ಥೆ ಇರೋ ಜಿನೀವಾದಲ್ಲಿ ನಂಗೆ ಕಾಯಿಲೆ ಇದೆ, ಶಿವಮೊಗ್ಗದಲ್ಲಿ ಇಲ್ಲ. ಇಲ್ಲೂ ಅದೇ ಕಥೆ, ನಿಲ್ಲೋಕೆ ಆಗೋದೇ ಇಲ್ಲ ಅಂದ್ರೆ ಸರ್ಟಿಫಿಕೇಟ್ ಇದೆ, ಪೂರ್ತಿ ಆಗತ್ತೆ ಅಂದ್ರೆ ಸ್ಟೂಲ್ ಬೇಡ, ನಡುವೆ ಇರೋರಿಗೆ ಫಾರ್ಮೇ ಇಲ್ಲ. ಸ್ಟೂಲ್ ಕೊನೆಗೆ ಕೆಮಿಸ್ಟ್ರಿ ಲ್ಯಾಬಿಂದ ಬಂತು, ಅಟೆಂಡರ್ ಒಬ್ಬರು ಯಾವ ಫೈಲೂ ಇಲ್ದೆ ತಂದಿಟ್ರು, ಒಂದು ಕಾಲು ಆಸಿಡ್ ತಿಂದು ಸ್ವಲ್ಪ ಕುಂಟು.

ಈಗೀಗ ಯಾರ್ಯಾರ ಹತ್ರಾನೋ ನನ್ನ ನಂಬರ್ ತಗೊಂಡು ಫೋನ್ ಮಾಡ್ತಾರೆ, ಸಾಗರದಿಂದ, ತೀರ್ಥಹಳ್ಳಿಯಿಂದ, ಒಬ್ಬರು ದುಬೈಯಿಂದ, ತಾಯಿಗೆ ಹಾಕಿಸ್ಬೇಕಂತೆ. ಹಾಕಿಸ್ಬಹುದಾ ಅಂತ ಕೇಳ್ತಾರೆ. ನಾನು ಡಾಕ್ಟರ್ ಅಲ್ಲ ಅಂತ ಮೊದಲೇ ಹೇಳ್ತೀನಿ. ಆಮೇಲೆ ನೋವು ಎಲ್ಲಿ, ಸೊಂಟದಲ್ಲಾ ಕಾಲಲ್ಲಾ ಅಂತ ಕೇಳ್ತೀನಿ, ಶುಗರ್ ಇದ್ಯಾ, ಇದ್ರೆ ಕಂಟ್ರೋಲಲ್ಲಿ ಇದ್ಯಾ, ಇನ್ಫೆಕ್ಷನ್ ಆದ್ರೆ ಮಷೀನ್ ಪೂರ್ತಿ ತೆಗೀಬೇಕಾಗತ್ತೆ, ಟ್ರಯಲ್ ಮಾಡದೆ ನೇರ ಹಾಕ್ತೀವಿ ಅಂದ್ರೆ ಒಪ್ಬೇಡಿ, ಪ್ರೋಗ್ರಾಂ ಮಾಡೋ ಹುಡುಗ ನಿಮ್ಮೂರಿಗೆ ಎಷ್ಟು ಹತ್ರ ಸಿಗ್ತಾನೆ ಕೇಳಿ, ಚಾರ್ಜರ್ ಕಟ್ಕೊಳ್ಳೋಕೆ ಅಮ್ಮನ ಕೈ ಹಿಂದಕ್ಕೆ ಹೋಗತ್ತಾ ನೋಡಿ. ಇಷ್ಟೆಲ್ಲಾ ಆದ್ಮೇಲೆ, ಎಲ್ಲಾ ಸರಿ ಹೋದ್ರೂ ಅರ್ಧ ನೋವು ಉಳಿಯತ್ತೆ, ಅದಕ್ಕೆ ತಯಾರಿದೀರಾ ಅಂತ ಕೇಳಿದ್ರೆ ಸುಮಾರು ಜನ "ಸರಿ ಮೇಡಮ್, ಯೋಚ್ನೆ ಮಾಡ್ತೀವಿ" ಅಂತ ಇಟ್ಬಿಡ್ತಾರೆ. ಇಡದೇ ಇದ್ದೋರಿಗೆ ಲಂಗದ ಲಾಡಿ ವಿಷಯ ಹೇಳ್ತೀನಿ.